ಆ ಸೂಜಿಯ ಬಗ್ಗೆ, ನಾಚಿಕೆ ಬಿಟ್ಟು



ಇದು ಉದ್ದದ ಪೋಸ್ಟ್. ಎಂಟು ತಿಂಗಳಿಂದ ಬರೆಯೋದು, ಅಳಿಸೋದು ಮಾಡ್ತಾನೇ ಇದ್ದೆ. ಮೊನ್ನೆ ಹೆಂಡತಿ ಕೈಗೆ ಫೋನ್ ಕೊಟ್ಟು ಓದು ಅಂದೆ. ಪೂರ್ತಿ ಓದಿದಳು. ತನ್ನ ಬಗ್ಗೆ ಇದ್ದ ಎರಡು ಸಾಲು ತೆಗೆಸಿದಳು. ‘ಹಾಕ್ರಿ, ಯಾರಿಗಾದ್ರೂ ಉಪಯೋಗ ಆಗುತ್ತೆ’ ಅಂದಳು. ಅವಳು ಆಶಾ ಕಾರ್ಯಕರ್ತೆ. ಇಂಥ ವಿಷಯ ಬಾಯಿಬಿಟ್ಟು ಮಾತಾಡೋಕೆ ನನಗಿಂತ ಅವಳಿಗೇ ಧೈರ್ಯ ಜಾಸ್ತಿ.

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಇಷ್ಟು ಓದಿಕೊಂಡು ಹೋಗಿ. ಶಿಶ್ನ ನಿಮಿರಲಿ ಅಂತ ಅಲ್ಲಿಗೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಒಂದಿದೆ. ಅದನ್ನು ತಗೊಂಡ ಮೇಲೆ ನಾಲ್ಕು ಗಂಟೆಯಾದರೂ ಇಳಿಯದಿದ್ದರೆ, ನೋವಿರಲಿ ಇಲ್ಲದಿರಲಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಅಂತ ಕಾಯಬಾರದು. ಈ ಒಂದು ಮಾತನ್ನು ನನಗೆ ಆ ಮದ್ದು ಕೊಟ್ಟವರು ಹೇಳಿರಲಿಲ್ಲ.

ನನಗೆ 46 ವರ್ಷ. ತಾಲ್ಲೂಕು ಮಟ್ಟದ ಒಂದು ಕಚೇರಿಯಲ್ಲಿ ಎಸ್‌ಡಿಎ. ಹನ್ನೊಂದು ವರ್ಷದಿಂದ ಷುಗರ್ ಇದೆ. ಷುಗರ್ ಬಹಳ ವರ್ಷ ಇದ್ದರೆ ಸಣ್ಣ ರಕ್ತನಾಳ, ನರ ಎರಡನ್ನೂ ತಿನ್ನುತ್ತೆ. ಅಂಗಾಲು ಉರಿಯೋದು, ಪಾದ ಜೋಮು ಹಿಡಿಯೋದು ಯಾವ ಕಾರಣಕ್ಕೋ, ನಿಮಿರು ದೌರ್ಬಲ್ಯ ಬರೋದೂ ಅದೇ ಕಾರಣಕ್ಕೆ. ಮನಸ್ಸಿನ ಕಾಯಿಲೆಯೂ ಅಲ್ಲ, ಯೌವನದಲ್ಲಿ ಮಾಡಿದ ಯಾವುದರ ಫಲವೂ ಅಲ್ಲ. ಆದರೆ ಇವೆರಡಕ್ಕೂ ಜನ ಕೊಡೋ ಮರ್ಯಾದೆ ನೋಡಿ. ಕಚೇರಿಯಲ್ಲಿ ಊಟಕ್ಕೆ ಮೊದಲು ಎಲ್ಲರೆದುರೇ ಶರ್ಟ್ ಎತ್ತಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಸೂಪರಿಂಟೆಂಡೆಂಟ್ ನಮ್ಮಲ್ಲಿದ್ದಾರೆ. ಯಾರೂ ತಲೆ ಎತ್ತಿ ನೋಡಲ್ಲ. ಅದೇ ಸೂಜಿ ಒಂದು ಗೇಣು ಕೆಳಗೆ ಹೋದರೆ ಗಂಡಸಿನ ಮಾನ ಹೋಯ್ತು.

ಮೊದಲು ಮಾತ್ರೆ ಕೊಟ್ಟರು, ಸಿಲ್ಡೆನಾಫಿಲ್. ಎಲ್ಲರಿಗೂ ಗೊತ್ತಿರೋ ಆ ನೀಲಿ ಮಾತ್ರೆಯ ಮದ್ದು. ತಲೆನೋವು ಬಂತು, ಮುಖ ಕೆಂಪಾಯ್ತು, ಬೇಕಾದ್ದು ಆಗಲಿಲ್ಲ. ಷುಗರ್ ಇರುವವರಲ್ಲಿ ಈ ಮಾತ್ರೆ ಕೈಕೊಡೋದು ಬೇರೆಯವರಿಗಿಂತ ಜಾಸ್ತಿ ಅಂತ ಆಮೇಲೆ ಗೊತ್ತಾಯ್ತು. ಅಂಥವರಿಗೆ ಇರುವ ಇನ್ನೊಂದು ದಾರಿ ಈ ಇಂಜೆಕ್ಷನ್.

ನಾನು ಹೋದದ್ದು ಪಕ್ಕದ ಜಿಲ್ಲೆಯ ಒಂದು ಖಾಸಗಿ ಕ್ಲಿನಿಕ್‌ಗೆ. ಹೆಸರು ಹಾಕಲ್ಲ. ನಮ್ಮೂರ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕೇಳುವವರು ಒಂದು ಚಿಕ್ಕ ಊರಲ್ಲಿ ಸಂಘಟನೆಯ ಮುಖವಾಗಿ ಹತ್ತು ವರ್ಷ ಇದ್ದು ನೋಡಬೇಕು. ಕಾಂಪೌಂಡರ್ ನಿಮ್ಮ ಹುಡುಗ, ಮೆಡಿಕಲ್ ಶಾಪಿನವನು ನಿಮ್ಮ ವಿರೋಧಿ. ಕಚೇರಿಯಲ್ಲಿ ವೈದ್ಯಕೀಯ ವೆಚ್ಚ ಮರುಪಾವತಿಗೆ ಬಿಲ್ ಹಾಕೋಣ ಅಂದರೆ, ಅದು ಟಪಾಲಿನಿಂದ ಶುರುವಾಗಿ ಆರು ಟೇಬಲ್ ದಾಟಬೇಕು. ಪ್ರತಿ ಟೇಬಲ್‌ನಲ್ಲೂ ಒಬ್ಬ ವಿಷಯ ನಿರ್ವಾಹಕ ಮದ್ದಿನ ಹೆಸರು ಓದಿ ಷರಾ ಬರೀಬೇಕು. ಆ ಕಡತದ ಪ್ರಯಾಣ ನೆನೆದೇ ಕೈಯಿಂದ ದುಡ್ಡು ಹಾಕಿದೆ.

ಆ ಕ್ಲಿನಿಕ್ಕಿನ ವಿಳಾಸ ಬಸ್ ಸ್ಟ್ಯಾಂಡಿನ ಗೋಡೆ ಮೇಲಿತ್ತು. ಹಾಗೆ ಗೋಡೆ ಮೇಲೆ ಬರೆಯೋದಕ್ಕೇ ಕಾನೂನಿನಲ್ಲಿ ಅವಕಾಶ ಇಲ್ಲ. ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ ಅಂತ ಔಷಧಿಯ ಜಾಹೀರಾತು ಕೊಡೋದನ್ನು ಆಕ್ಷೇಪಾರ್ಹ ಜಾಹೀರಾತುಗಳ 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕಾಯ್ದೆಗೆ ಎಪ್ಪತ್ತು ವರ್ಷ ದಾಟಿದೆ. ನಿಮ್ಮೂರ ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆ ಒಂದ್ಸಲ ನೋಡಿ.

ಒಳಗೆ ಕೂತಿದ್ದವರು ನನ್ನ ಹೆಸರು, ಊರು, ಕೆಲಸ ಕೇಳಿದರು. ಊರಲ್ಲಿ ಯಾವ ಕಡೆ ಮನೆ ಅಂತಲೂ ಕೇಳಿದರು. ಹೇಳಿದೆ. ‘ದುಡಿಯೋ ಜನಕ್ಕೆ ಇದೆಲ್ಲ ಬರಲ್ಲವಲ್ರೀ, ನಿಮ್ಮವರದು ಗಟ್ಟಿ ಶರೀರ’ ಅಂತ ನಕ್ಕರು. ಅದು ಹೊಗಳಿಕೆ ಅಲ್ಲ ಅಂತ ಇದನ್ನ ಓದ್ತಿರೋ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಶರೀರ ಕಬ್ಬಿಣ ಅಂತ ನಂಬಿದವರು ನಮಗೆ ಎಚ್ಚರಿಕೆ ಹೇಳಲ್ಲ, ನೋವು ಅಂದರೆ ನಂಬಲ್ಲ. ಹೊಲದಲ್ಲಿ, ಮಲದ ಗುಂಡಿಯಲ್ಲಿ ನಡೆಯೋದು ಕ್ಲಿನಿಕ್ಕಿನಲ್ಲೂ ನಡೆಯುತ್ತೆ.

ಲೇಬಲ್ ಇಲ್ಲದ ಒಂದು ಸಣ್ಣ ಸೀಸೆಯಿಂದ ಮದ್ದು ಎಳೆದು ಮೊದಲ ಡೋಸ್ ಅಲ್ಲೇ ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಹತ್ತೇ ನಿಮಿಷದಲ್ಲಿ ಕೆಲಸ ಮಾಡಿತು. ಮೂರು ವರ್ಷದ ಮೇಲೆ. ನನ್ನ ಕಣ್ಣಲ್ಲಿ ನೀರು ಬಂತು. ನಾಲ್ಕು ಡೋಸಿಗೆ ಆರು ಸಾವಿರ ತಗೊಂಡರು. ಉಳಿದದ್ದನ್ನು ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಕೊಟ್ಟರು. ಚೀಟಿ ಕೊಡಲಿಲ್ಲ, ಬಿಲ್ ಕೊಡಲಿಲ್ಲ. ‘ಸೈಡ್ ಎಫೆಕ್ಟ್ ಏನಾದ್ರೂ ಇದೆಯಾ ಸಾರ್?’ ಅಂತ ಕೇಳಿದೆ. ‘ಏನೂ ಇಲ್ಲ’ ಅಂದರು.

ಏನೂ ಇಲ್ಲ ಅನ್ನುವ ಮದ್ದು ಪ್ರಪಂಚದಲ್ಲಿ ಯಾವುದೂ ಇಲ್ಲ. ಇದರಲ್ಲಿ ಏನೇನಿದೆ ಅಂತ ನಾನು ಆಮೇಲೆ ಡಾಕ್ಟರುಗಳನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳ್ತೀನಿ.

ಇದಕ್ಕೆ ಬಳಸುವ ಮದ್ದು ಮುಖ್ಯವಾಗಿ ಮೂರು. ಪ್ಯಾಪವರಿನ್ ಅನ್ನೋದು ಅಫೀಮಿನ ಗಿಡದಲ್ಲಿ ಸಿಗುವ, ಆದರೆ ಮತ್ತು ಬರಿಸದ ವಸ್ತು. ಎರಡನೆಯದು ಫೆಂಟೊಲಮಿನ್, ಮೂರನೆಯದು ಆಲ್ಪ್ರೊಸ್ಟಾಡಿಲ್. ಒಂದೊಂದೇ ಕೊಡೋದುಂಟು, ಬೆರೆಸಿ ಕೊಡೋದೂ ಉಂಟು. ಶಿಶ್ನದೊಳಗೆ ಎರಡು ಕಡೆ ಸ್ಪಂಜಿನಂಥ ಅಂಗಾಂಶ ಇದೆ. ಮದ್ದು ಅಲ್ಲಿನ ಸ್ನಾಯುವನ್ನು ಸಡಿಲಿಸುತ್ತೆ, ರಕ್ತ ನುಗ್ಗುತ್ತೆ, ವಾಪಸ್ ಹೋಗುವ ನಾಳಗಳು ಒತ್ತಿ ಮುಚ್ಚಿಕೊಳ್ಳುತ್ತವೆ. ನರ ಸತ್ತಿದ್ದರೂ ಕೆಲಸ ಮಾಡೋದು ಅದಕ್ಕೇ. ಮನಸ್ಸಿನ ಅಪ್ಪಣೆಗೆ ಕಾಯಲ್ಲ. ತೊಂದರೆಯೂ ಅಲ್ಲಿಂದಲೇ ಶುರು. ಮನಸ್ಸು ಸಾಕು ಅಂದರೂ ಅದು ಕೇಳಲ್ಲ.

ಎಲ್ಲರಿಗಿಂತ ಹೆಚ್ಚು ಜನ ಹೇಳೋದು ನೋವು. ಆಲ್ಪ್ರೊಸ್ಟಾಡಿಲ್ ತಯಾರಕರೇ ಮದ್ದಿನ ಜೊತೆ ಕೊಡುವ ಮಾಹಿತಿ ಪತ್ರದ ಪ್ರಕಾರ, ಪರೀಕ್ಷೆಯಲ್ಲಿ 37 ಶೇಕಡಾ ಜನಕ್ಕೆ ನೋವಾಗಿತ್ತು. ಸೂಜಿಯ ನೋವಲ್ಲ, ಒಳಗೆ ಬಿಗಿದು ಹಿಂಡುವಂಥ ನೋವು. 4 ಶೇಕಡಾ ಜನಕ್ಕೆ ನಾಲ್ಕು ಗಂಟೆ ಮೀರಿ ಇಳಿದಿರಲಿಲ್ಲ. 3 ಶೇಕಡಾ ಜನಕ್ಕೆ ಚುಚ್ಚಿದ ಜಾಗದಲ್ಲಿ ಒಳಗೆ ಗಾಯ ಗಟ್ಟಿಯಾಗಿ ಗಂಟು ಕಟ್ಟಿತ್ತು. ಅಷ್ಟೇ ಜನಕ್ಕೆ ರಕ್ತ ಹೆಪ್ಪುಗಟ್ಟಿ ಊದಿತ್ತು. ಗಂಟು ದೊಡ್ಡದಾದರೆ ಶಿಶ್ನ ಸೊಟ್ಟ ಆಗುತ್ತೆ. ಪ್ಯಾಪವರಿನ್‌ನಲ್ಲಿ ನೋವು ಕಮ್ಮಿ, ಆದರೆ ಇಳಿಯದೆ ಉಳಿಯೋದು, ಗಂಟು ಕಟ್ಟೋದು ಜಾಸ್ತಿ. ಮದ್ದು ರಕ್ತಕ್ಕೆ ಹೋದರೆ ಕೆಲವರಿಗೆ ಬಿ.ಪಿ. ಇಳಿದು ತಲೆ ಸುತ್ತುತ್ತೆ. ರಕ್ತ ತೆಳು ಮಾಡೋ ಮಾತ್ರೆ ತಿನ್ನುವವರಿಗೆ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲೋದು ಕಷ್ಟ, ಅಂಥವರು ಮೊದಲೇ ಹೇಳಬೇಕು. ಚುಚ್ಚೋದು ಪಕ್ಕದಿಂದ, ಮೇಲಿನಿಂದಲೂ ಅಲ್ಲ ಕೆಳಗಿನಿಂದಲೂ ಅಲ್ಲ, ಯಾಕಂದ್ರೆ ಮೇಲೆ ನರ ಮತ್ತು ದೊಡ್ಡ ರಕ್ತನಾಳ, ಕೆಳಗೆ ಮೂತ್ರನಾಳ ಇವೆ. ಒಂದ್ಸಲ ಎಡ, ಇನ್ನೊಂದ್ಸಲ ಬಲ. ಆಮೇಲೆ ಐದು ನಿಮಿಷ ಒತ್ತಿ ಹಿಡಿಯಬೇಕು. ಎರಡು ಡೋಸಿನ ನಡುವೆ ಒಂದು ದಿನವಾದರೂ ಬಿಡಬೇಕು, ವಾರಕ್ಕೆ ಮೂರಕ್ಕಿಂತ ಹೆಚ್ಚು ಕೂಡದು. ಡೋಸ್ ಎಷ್ಟು ಅಂತ ಡಾಕ್ಟರ್ ಎದುರಲ್ಲೇ ಸ್ವಲ್ಪದಿಂದ ಶುರು ಮಾಡಿ, ಪೂರ್ತಿ ಇಳಿಯೋವರೆಗೂ ಅಲ್ಲೇ ಕೂರಿಸಿಕೊಂಡು ಗೊತ್ತುಮಾಡಬೇಕು. ನನ್ನನ್ನು ಹತ್ತು ನಿಮಿಷಕ್ಕೇ ಕಳಿಸಿದ್ದರು.

ಇದನ್ನೆಲ್ಲ ಹೇಳೋಕೆ ಎಷ್ಟು ಹೊತ್ತು ಬೇಕು? ನೀವೇ ಓದಿದಿರಲ್ಲ, ಎರಡು ನಿಮಿಷ.

ಮೂರನೇ ಡೋಸ್, ಒಂದು ಶನಿವಾರ ರಾತ್ರಿ ಒಂಬತ್ತೂಕಾಲು. ಹನ್ನೊಂದೂವರೆಗೂ ಇಳಿದಿರಲಿಲ್ಲ. ತಣ್ಣೀರು ಸುರಿದುಕೊಂಡೆ, ಮೆಟ್ಟಿಲು ಹತ್ತಿ ಇಳಿದೆ. ಹನ್ನೆರಡರ ಹೊತ್ತಿಗೆ ನೋವು ಶುರುವಾಯ್ತು. ಒಂದು ಗಂಟೆಗೆ ಆ ಕ್ಲಿನಿಕ್ಕಿನ ನಂಬರಿಗೆ ಫೋನ್ ಮಾಡಿದರೆ ಯಾರೋ ಎತ್ತಿ, ‘ಒಳ್ಳೇದೇ ಆಯ್ತಲ್ಲ ಸಾರ್, ಎಂಜಾಯ್ ಮಾಡಿ, ಬೆಳಿಗ್ಗೆ ಐಸ್ ಇಡಿ’ ಅಂದ. ಹೆಂಡತಿ ಫೋನ್ ಕಿತ್ತುಕೊಂಡು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ, ಅದೂ ತೆಗೆಸಿದ ಸಾಲುಗಳಲ್ಲಿ ಒಂದು. ‘ರೀ, ಎದ್ದೇಳಿ, ಆಸ್ಪತ್ರೆಗೆ ಹೋಗೋಣ. ರಕ್ತ ಒಂದು ಕಡೆ ನಿಂತ್ರೆ ಆ ಜಾಗ ಉಳಿಯುತ್ತಾ?’ ಅಂದಳು. ಅವಳಿಗೆ ಆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಕಾರಣ ಗೊತ್ತಿತ್ತು.

ಹೆಸರು ಪ್ರಯಾಪಿಸಂ. ಒಳಗೆ ಸಿಕ್ಕಿಕೊಂಡ ರಕ್ತದಲ್ಲಿ ಆಮ್ಲಜನಕ ಮುಗಿಯುತ್ತೆ. ಆಮೇಲೆ ಅಲ್ಲಿನ ಸ್ನಾಯು ಸಾಯೋಕೆ ಶುರು. ಸತ್ತ ಜಾಗದಲ್ಲಿ ಗಾಯದ ಗಟ್ಟಿ ಅಂಗಾಂಶ ತುಂಬಿಕೊಂಡರೆ ಮತ್ತೆ ಯಾವ ಮದ್ದಿಗೂ ಅದು ಏಳಲ್ಲ. 36 ಗಂಟೆ ದಾಟಿದವರಲ್ಲಿ ನಿಮಿರುವ ಶಕ್ತಿ ಬಹುತೇಕ ಉಳಿಯುವುದೇ ಇಲ್ಲ. ನಾಲ್ಕು ಗಂಟೆಯ ಲೆಕ್ಕ ಇದಕ್ಕೇ.

ಸಂಘಟನೆಯ ಹುಡುಗನೊಬ್ಬ ಆಟೋ ಓಡಿಸ್ತಾನೆ. ಎಬ್ಬಿಸಿದೆವು. ಏನು ಎತ್ತ ಕೇಳಲಿಲ್ಲ, ಬಂದ. ಗುಂಡಿ ಬಿದ್ದ ರಸ್ತೆಯಲ್ಲಿ ಆ ಸ್ಥಿತಿಯಲ್ಲಿ ಆಟೋ ಪ್ರಯಾಣ ಹೇಗಿರುತ್ತೆ ಅಂತ ವರ್ಣಿಸಲ್ಲ.

ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಮೊದಲು ಸಿಕ್ಕಿದ್ದು ನಗು. ಒಬ್ಬ ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನನ್ನು. ಹೆಸರು ಬರೆದುಕೊಳ್ಳುವವನು ವಿಳಾಸ ಕೇಳಿ ‘ಕಾಲೋನಿನಾ?’ ಅಂದ. ಹೌದು ಅಂದೆ. ನಡುವೆ ಪರದೆ ಇರಲಿಲ್ಲ, ಹೆಂಡತಿ ಸೆರಗು ಬಿಚ್ಚಿ ಅಡ್ಡ ಹಿಡಿದು ನಿಂತಳು. ಇಪ್ಪತ್ತು ನಿಮಿಷ ಹಾಗೇ.

ಆಗ ಬಂದವರು ಒಬ್ಬ ಯುವ ಡಾಕ್ಟರ್. ನಗುತ್ತಿದ್ದವರನ್ನು ಹೊರಗೆ ಕಳಿಸಿದರು. ಎಳೆದು ತರಿಸಿ ಪರದೆ ಹಾಕಿಸಿದರು. ಮೂರು ಪ್ರಶ್ನೆ ಕೇಳಿದರು. ಎಷ್ಟು ಹೊತ್ತಾಯ್ತು? ಯಾವ ಮದ್ದು, ಎಷ್ಟು ಡೋಸ್? ಸಿಕಲ್ ಸೆಲ್ ಇದೆಯಾ? ಮೊದಲನೆಯದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು. ಲೇಬಲ್ಲಿಲ್ಲದ ಆ ಸೀಸೆಯನ್ನು ಹೆಂಡತಿ ಪರ್ಸಿನಿಂದ ತೆಗೆದು ಕೊಟ್ಟಳು. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು.

ಮರಗಟ್ಟುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿ ಪಕ್ಕದಿಂದ ಹಾಕಿ ರಕ್ತ ಎಳೆದರು. ಡಾಂಬರಿನಷ್ಟು ಕಪ್ಪಗಿತ್ತು. ಸಲೈನ್‌ನಲ್ಲಿ ತೊಳೆದರು. ಆಮೇಲೆ ಫೆನೈಲೆಫ್ರಿನ್ ಅಂತ ನಾಳ ಕುಗ್ಗಿಸುವ ಮದ್ದನ್ನು ಕೆಲವು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಕೊಟ್ಟರು. ಅದು ಬಿ.ಪಿ. ಏರಿಸುತ್ತೆ, ಹಾಗಾಗಿ ತೋಳಿಗೆ ಪಟ್ಟಿ ಕಟ್ಟಿ ಮತ್ತೆ ಮತ್ತೆ ನೋಡುತ್ತಿದ್ದರು. ಬೆಳಗಿನ ಐದರ ಹೊತ್ತಿಗೆ ಇಳಿಯಿತು. ಒಟ್ಟು ಏಳೂಮುಕ್ಕಾಲು ಗಂಟೆ.

ಆ ಮೂರನೇ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಸಿಕಲ್ ಸೆಲ್ ಅಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುವ, ಹುಟ್ಟಿನಿಂದ ಬರುವ ಕಾಯಿಲೆ. ಅದಿದ್ದರೆ ಯಾವ ಮದ್ದೂ ಇಲ್ಲದೆಯೇ ಪ್ರಯಾಪಿಸಂ ಬರಬಹುದು, ಗಂಡು ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ. ಈ ಇಂಜೆಕ್ಷನ್ ಅವರಿಗೆ ಕೊಡಲೇಬಾರದು ಅಂತ ಮಾಹಿತಿ ಪತ್ರದಲ್ಲೇ ಇದೆ. ಭಾರತದಲ್ಲಿ ಈ ಕಾಯಿಲೆ ಯಾರಲ್ಲಿ ಹೆಚ್ಚು? ಆದಿವಾಸಿಗಳಲ್ಲಿ. ಮಹಾರಾಷ್ಟ್ರದ ವಿದರ್ಭದ ಕಡೆ ದಲಿತರಲ್ಲೂ. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲಿ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ಅಂತ ಅಭಿಯಾನ ಶುರುಮಾಡಿತು, ರಕ್ತ ಪರೀಕ್ಷೆ ಮಾಡಿ ಕಾರ್ಡ್ ಕೊಡ್ತಾರೆ. ಹಾಡಿಯಲ್ಲಿ ಕೆಲಸ ಮಾಡುವ ಸಂಗಾತಿಗಳು ಗಮನಿಸಿ. ರಾತ್ರಿಯಿಡೀ ಇಳಿಯದೆ ಅಳುವ ಹದಿನೈದರ ಹುಡುಗ ಬಸ್ ಸ್ಟ್ಯಾಂಡ್ ಗೋಡೆ ಓದಿ ಏನೋ ತಿಂದಿದ್ದಾನೆ ಅಂತ ಬೈಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನನ್ನ ರಕ್ತದಲ್ಲಿ ಇಲ್ಲ ಅಂತ ವರದಿ ಬಂತು. ಆದರೆ ಸೂಜಿ ಚುಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ ಅದು. ನಮ್ಮ ಯಾವ ಕಡೆ ಮನೆ ಅಂತ ಕೇಳೋಕೆ ಆ ಕ್ಲಿನಿಕ್ಕಿನಲ್ಲಿ ಸಮಯ ಇತ್ತು, ಇದನ್ನು ಕೇಳೋಕೆ ಇರಲಿಲ್ಲ.

ಈ ಚಿಕಿತ್ಸೆಯ ಚರಿತ್ರೆ ಓದುವಾಗ ಒಂದು ಕಡೆ ನಗುವೂ ಬಂತು, ಸಂಕಟವೂ ಆಯ್ತು. 1982ರಲ್ಲಿ ಪ್ಯಾರಿಸ್ಸಿನ ರೊನಾಲ್ಡ್ ವಿರಾಗ್ ಅನ್ನೋ ಸರ್ಜನ್ ಪ್ಯಾಪವರಿನ್ ಹೀಗೆ ಕೆಲಸ ಮಾಡುತ್ತೆ ಅಂತ ಪ್ರಕಟಿಸಿದರು. ಮರುವರ್ಷ ಅಮೆರಿಕದ ಲಾಸ್ ವೇಗಸ್‌ನಲ್ಲಿ ಮೂತ್ರರೋಗ ತಜ್ಞರ ಸಮ್ಮೇಳನ. ಜೈಲ್ಸ್ ಬ್ರಿಂಡ್ಲಿ ಅನ್ನೋ ಬ್ರಿಟಿಷ್ ವಿಜ್ಞಾನಿ, ಐವತ್ತು ದಾಟಿದವರು, ಮೊದಲೇ ತಾವೇ ಚುಚ್ಚಿಕೊಂಡು ಬಂದು ಭಾಷಣ ಮಾಡಿ, ಚಡ್ಡಿ ಇಳಿಸಿ ಸಭಿಕರಿಗೆ ತೋರಿಸಿಯೇ ಬಿಟ್ಟರು. ಇವತ್ತಿಗೂ ಅದನ್ನು ವೈದ್ಯಲೋಕ ವಿಜ್ಞಾನದ ಧೈರ್ಯ ಅಂತ ನೆನೆಯುತ್ತೆ. ನೆನೆಯಲಿ, ಧೈರ್ಯವೇ. ಅವರಿಂದ ನನ್ನಂಥವರಿಗೆ ಉಪಕಾರವೂ ಆಗಿದೆ. ಅದೇ ಮದ್ದಿನಿಂದ ನರಳುತ್ತಾ ಮಲಗಿದ ಕಾಲೋನಿಯವನನ್ನು ನೋಡೋಕೆ ವಾರ್ಡ್ ಜನ ಸೇರಿದ್ದು ಮಾತ್ರ ತಮಾಷೆಗೆ.

ಇನ್ನು ನಮ್ಮೊಳಗಿನ ಮಾತು. ಪ್ರತಿಭಟನೆಯಲ್ಲಿ ‘ಷಂಡ ಸರ್ಕಾರಕ್ಕೆ ಧಿಕ್ಕಾರ’ ಅಂತ ಕೂಗ್ತೀವಿ. ಅಧಿಕಾರಿ ಟೇಬಲ್ ಮೇಲೆ ಬಳೆ ಇಡ್ತೀವಿ. ಬಳೆ ತೊಟ್ಟವರನ್ನು ಅದು ಅವಮಾನಿಸುತ್ತೆ ಅಂತ ನಮ್ಮ ಅಕ್ಕಂದಿರು ಎಷ್ಟೋ ಸಲ ಹೇಳಿದ್ದಾರೆ. ಅದರ ಇನ್ನೊಂದು ತುದಿ ನನಗೆ ಈಗ ತಾಗುತ್ತೆ. ಆ ಘೋಷಣೆ ಕೂಗುವ ಸಾಲಿನಲ್ಲಿ ಷುಗರ್ ಇರುವವರು ಎಷ್ಟು ಜನ, ಬಿ.ಪಿ. ಮಾತ್ರೆ ತಿನ್ನುವವರು ಎಷ್ಟು ಜನ? ಅವರಲ್ಲಿ ಎಷ್ಟು ಜನ ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗ್ತಾರೆ? ನಮ್ಮ ಗಂಡಸರು ಆ ಗೋಡೆ ಬರಹದ ಅಡ್ರೆಸ್ ಹುಡುಕಿಕೊಂಡು ಬೇರೆ ಜಿಲ್ಲೆಗೆ ಹೋಗೋದು ಈ ಪದಕ್ಕೆ ಹೆದರಿ. ಸರ್ಕಾರವನ್ನು ಬೈಯೋಕೆ ಬೇಕಾದಷ್ಟು ಪದ ಇವೆ, ಸರ್ಕಾರವೇ ದಿನಾ ಒದಗಿಸುತ್ತೆ.

ನಾನು ಗುಮಾಸ್ತ, ಕಾಗದ ನನ್ನ ಆಯುಧ. ಆದ್ದರಿಂದ ಕಾಗದದ ಮಾತು ಹೇಳಿಬಿಡ್ತೀನಿ. ಯಾವುದೇ ಮದ್ದಿನ ಸೀಸೆ ಮೇಲೆ ಮದ್ದಿನ ಹೆಸರು, ತಯಾರಕರ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ಇರಬೇಕು. ಲೇಬಲ್ ಇಲ್ಲದ್ದನ್ನು ಮೈಗೆ ಹಾಕಿಸಿಕೊಳ್ಳಬೇಡಿ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿದೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ಯಾವುದೇ ಆಗಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನಾನು ದೂರು ಕೊಟ್ಟು ಐದು ತಿಂಗಳಾಯ್ತು. ಸ್ವೀಕೃತಿ ಇದೆ, ಹಿಂಬರಹ ಇನ್ನೂ ಬಂದಿಲ್ಲ. ಬರೋವರೆಗೂ ಬಿಡಲ್ಲ.

ಈಗ ನನ್ನ ಸ್ಥಿತಿ ಕೇಳುವವರಿಗೆ. ಎಡಗಡೆ ಹೆಸರುಕಾಳಿನಷ್ಟು ಒಂದು ಗಂಟು ಉಳಿದಿದೆ. ಸೊಟ್ಟ ಆಗಿಲ್ಲ. ಮೂತ್ರರೋಗ ತಜ್ಞರೊಬ್ಬರ ಹತ್ತಿರ ತೋರಿಸ್ತಿದ್ದೀನಿ, ನಮ್ಮ ಜಿಲ್ಲೆಯಲ್ಲೇ. ಹೆಂಡತಿಯನ್ನೂ ಕೂರಿಸಿಕೊಂಡು ಮಾತಾಡ್ತಾರೆ. ಈ ಇಂಜೆಕ್ಷನ್ ಕೆಟ್ಟದ್ದು ಅಂತ ಅವರು ಹೇಳಲ್ಲ, ನಾನೂ ಹೇಳಲ್ಲ. ಹೆಸರು ಗೊತ್ತಿರುವ ಮದ್ದು, ಅಳೆದ ಡೋಸ್, ನಾಲ್ಕು ಗಂಟೆಯಾದರೆ ಎಲ್ಲಿಗೆ ಬರಬೇಕು ಅನ್ನೋ ಚೀಟಿ, ಇಷ್ಟಿದ್ದರೆ ಎಷ್ಟೋ ಜನ ವರ್ಷಗಟ್ಟಲೆ ಬಳಸ್ತಾರೆ. ಗಂಟು ಏನಾಗುತ್ತೆ ನೋಡೋಣ, ಅಲ್ಲಿವರೆಗೂ ಬೇಡ ಅಂದಿದ್ದಾರೆ. ಮುಂದೆ ಬೇಕೋ ಬೇಡವೋ ನಾವಿಬ್ಬರು ಕೂತು ತೀರ್ಮಾನ ಮಾಡ್ತೀವಿ. ಆ ಬಗ್ಗೆ ಇಲ್ಲಿ ಅಪ್ಡೇಟ್ ಇರಲ್ಲ.

ಕಾಮೆಂಟಿನಲ್ಲಿ ನಗುವವರು ನಗಿ, ಬ್ಲಾಕ್ ಮಾಡಲ್ಲ. ಕೇಳೋದಿದ್ದವರು ಇನ್‌ಬಾಕ್ಸ್‌ಗೆ ಬನ್ನಿ, ಹೆಸರು ಹೇಳಬೇಕಿಲ್ಲ. ಹೆಣ್ಣುಮಕ್ಕಳು ಗಂಡನ ಪರವಾಗಿ ಕೇಳೋದಿದ್ದರೆ ನನ್ನ ಹೆಂಡತಿ ಉತ್ತರ ಕೊಡ್ತಾಳಂತೆ. ನಮ್ಮ ತಾಲ್ಲೂಕಿನವರಿಗೆ ಇನ್ನೊಂದು ವಿಷಯ. ಪೋಸ್ಟ್ ಹಾಕೋ ಮೊದಲು ಆಟೋ ಹುಡುಗನಿಗೂ ಕೇಳಿದೆ. ‘ಹಾಕಣ್ಣ, ಯಾವ ರಾತ್ರಿ ಆದ್ರೂ ಫೋನ್ ಮಾಡ್ಸು, ನಾನು ಬತ್ತೀನಿ’ ಅಂದಿದ್ದಾನೆ.

ಜೈ ಭೀಮ್.